ಅಪ್ಪನ ಕೋವಿಯ ಮೇಲಿನ ಅಚ್ಚುಗಳು

ಅಪ್ಪ ತೀರಿಕೊಂಡ ಮೇಲೆ ಜಮೀನಿನ ಖಾತೆ ಬದಲಾವಣೆ ಸಲೀಸಾಗಿ ಆಯಿತು. ಕಾಡಿಸಿದ್ದು ಕೋವಿ. ಅರಕಲಗೂಡು, ಹೊಳೆನರಸೀಪುರದ ಕಡೆ ಜೋಳ, ಶುಂಠಿ ಬೆಳೆಯುವ ಎಷ್ಟೋ ಮನೆಗಳಲ್ಲಿ ಲೈಸೆನ್ಸಿನ ಹಳೆಯ ಕೋವಿಗಳಿವೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ನಮಗಿಲ್ಲ. ಆದ್ದರಿಂದ ನಮ್ಮ ಮನೆಗಾದದ್ದು ಇನ್ನೊಬ್ಬರ ಮನೆಗೆ ಆಗಬಾರದೆಂದು ಬರೆಯುತ್ತಿದ್ದೇನೆ.

ನಮ್ಮದು ಮಿಲಿಟರಿ ಕೋವಿಯನ್ನು ಶಿಕಾರಿ ಕೋವಿಯಾಗಿ ಮಾರ್ಪಡಿಸಿದ್ದು. ಮುಂದಿನ ಮರ ಕತ್ತರಿಸಿ, ಬಯೊನೆಟ್ ಸಿಕ್ಕಿಸುವ ಮೂತಿಪಟ್ಟಿ ತೆಗೆದು, ಹೊಸ ನಳಿಗೆ ಕೂರಿಸಿ ಹಗುರ ಮಾಡಿದ್ದಾರೆ. ಅಪ್ಪ ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತಂದವರು. ತಿಥಿ ಮುಗಿದ ಕೂಡಲೇ ನಾನೂ ಕಾನೂನಿನಂತೆ ಜಮಾ ಮಾಡಿ, ವಾರಸುದಾರನಾಗಿ ಲೈಸೆನ್ಸಿಗೆ ಅರ್ಜಿ ಹಾಕಿದೆ.

ಪರಿಶೀಲನೆಯ ದಿನ ಅಮ್ಮನೂ ಜೊತೆಗೆ ಬಂದಿದ್ದರು, ಅಪ್ಪನ ಲೈಸೆನ್ಸ್ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು. ಮೇಜಿನ ಮೇಲೆ ಕೋವಿ ಇಟ್ಟರು. ಅಧಿಕಾರಿ ಅದನ್ನು ಒಮ್ಮೆ ಹೊರಳಿಸಿ ನೋಡಿ, "ಇದು ತ್ರೀ ನಾಟ್ ತ್ರೀ ಕಣ್ರೀ. ನಿಷೇಧಿತ ಬೋರು. ನಿಮ್ಮಪ್ಪ ಇಷ್ಟು ವರ್ಷ ಹೆಂಗೆ ಇಟ್ಕೊಂಡಿದ್ರು?" ಎಂದರು. ಪುಸ್ತಕದಲ್ಲಿ .315 ಎಂದು ಬರೆದಿದೆ ಸಾರ್ ಎಂದೆ. ಪುಸ್ತಕ ತೆಗೆದು ಸಂಖ್ಯೆ ತಾಳೆ ನೋಡಿದರು. ಅದೂ ಹೊಂದಲಿಲ್ಲ. "ಕೋವೀನೇ ಬದಲಾಯಿಸಿದ್ದೀರಿ. 2019ರ ತಿದ್ದುಪಡಿ ಆದ ಮೇಲೆ ಇದಕ್ಕೆ ಕನಿಷ್ಠ 7 ವರ್ಷ, ಗೊತ್ತಾ?" ಸಾಲಿನಲ್ಲಿ ನಿಂತವರೆಲ್ಲ ನಮ್ಮತ್ತ ತಿರುಗಿದರು. ಬದುಕಿಡೀ ಒಂದು ದೂರಿಗೂ ಹೆಸರು ಕೊಡದ ಮನುಷ್ಯನನ್ನು, ಸತ್ತ ಮೇಲೆ, ಹೆಂಡತಿಯ ಎದುರಿಗೇ ಕಳ್ಳನನ್ನಾಗಿ ಮಾಡಿದರು. "ಅವರು ಅಂಥೋರಲ್ಲ ಸ್ವಾಮಿ" ಎಂದಷ್ಟೇ ಅಮ್ಮ ಹೇಳಿದರು. ಆ ಮಾತು ನನಗೆ ಇಂದಿಗೂ ಉರಿಯುತ್ತದೆ. ಜೊತೆಗೆ ಬಂದಿದ್ದ ಚಿಕ್ಕಪ್ಪನೋ, "ಸುಮ್ನೆ ಸರ್ಕಾರಕ್ಕೆ ಒಪ್ಪಿಸಿಬಿಡೋ, ಯಾಕೆ ತಾಪತ್ರಯ" ಅಂದರು. ಹಾಗೆ ಒಪ್ಪಿಸಿದ್ದರೆ ತಪ್ಪೊಪ್ಪಿಕೊಂಡ ಹಾಗೇ ಆಗುತ್ತಿತ್ತು. ನಾನು ಒಪ್ಪಲಿಲ್ಲ.

ಜಮಾ ಮಾಡುವ ಮೊದಲು ತೆಗೆದಿದ್ದ ಫೋಟೊಗಳನ್ನು ಚನ್ನರಾಯಪಟ್ಟಣದಲ್ಲಿರುವ ನಿವೃತ್ತ ಆರ್ಮರರ್ ಒಬ್ಬರಿಗೆ ತೋರಿಸಿದೆ. ಅವರು ಅಚ್ಚುಗಳನ್ನು ಒಂದೊಂದಾಗಿ ಓದಿ ಹೇಳಿದರು. ಬೋಲ್ಟ್ ಹಿಡಿಯ ಕೆಳಗೆ, ಬಲಗಡೆ ಉಕ್ಕಿನ ಪಟ್ಟಿಯ ಮೇಲೆ ಕಿರೀಟ, ಜಿ.ಆರ್.ಐ. ಎಂಬ ಅಕ್ಷರ, ಇಶಾಪುರ, 1941. ಅಂದರೆ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ, ಆರನೇ ಜಾರ್ಜ್ ದೊರೆಯ ಕಾಲದಲ್ಲಿ, ಸೈನ್ಯಕ್ಕೆಂದು ಮಾಡಿದ ಲೀ-ಎನ್‌ಫೀಲ್ಡ್ ಒಡಲು. ಇಂಗ್ಲೆಂಡಿನದಾಗಿದ್ದರೆ ಅದೇ ಜಾಗದಲ್ಲಿ ಎನ್‌ಫೀಲ್ಡ್ ಅಥವಾ ಬಿ.ಎಸ್.ಎ. ಎಂದಿರುತ್ತದೆ, ಆಸ್ಟ್ರೇಲಿಯಾದ್ದಾದರೆ ಲಿತ್‌ಗೋ. ಬಾಣದ ಗುರುತು ಸರ್ಕಾರಿ ಸ್ವತ್ತಿನದು. ಎರಡು ಬಾಣಗಳು ತುದಿಗೆ ತುದಿ ಎದುರಾಗಿದ್ದರೆ ಬ್ರಿಟಿಷ್ ಸೇವೆಯಿಂದ ಹೊರಗೆ ಮಾರಿದ್ದು. ನಮ್ಮ ನಳಿಗೆಯ ಮೇಲೆ ಮಾತ್ರ ಬೇರೆಯೇ ಅಚ್ಚು: .315.

ಸೈನ್ಯದ .303 (ತ್ರೀ ನಾಟ್ ತ್ರೀ) ತೋಟಾ ಖಾಸಗಿಯವರ ಕೈಗೆ ಹೋಗಬಾರದೆಂದು ಬ್ರಿಟಿಷರೇ ಆ ಬೋರನ್ನು ತಡೆದಿದ್ದರು. ಅದಕ್ಕಾಗಿಯೇ ಬಿ.ಎಸ್.ಎ. ಕಂಪನಿ ಅದೇ ಲೀ ಒಡಲಿಗೆ .315 ನಳಿಗೆ ಹಾಕಿ ಇಲ್ಲಿಗೆ ಕಳಿಸಿತು. ಸ್ವಾತಂತ್ರ್ಯದ ನಂತರ ಇಶಾಪುರವೂ ಅದೇ ಬೋರಿನ ಶಿಕಾರಿ ಕೋವಿ ಮಾಡಿತು. ಆದ್ದರಿಂದ ಆಕಾರ ನೋಡಿ ತ್ರೀ ನಾಟ್ ತ್ರೀ ಎನ್ನುವುದು ಅನ್ಯಾಯ. ತೋಟಾ ನೋಡಿದರೂ ತಿಳಿಯುತ್ತದೆ: .303ರ ಕವಚ 56 ಮಿ.ಮೀ., .315ರದ್ದು 50.

ಸಂಖ್ಯೆಯ ಗುಟ್ಟೂ ಫೋಟೊದಲ್ಲೇ ಇತ್ತು. ಹಿಂದೆ ಯಾವುದೋ ನವೀಕರಣದಲ್ಲಿ ಗುಮಾಸ್ತನೊಬ್ಬ ಒಡಲಿನ ಸಂಖ್ಯೆ ಬಿಟ್ಟು ಬೋಲ್ಟ್ ಹಿಡಿಯ ಹಿಂಭಾಗದ ಸಂಖ್ಯೆ ಬರೆದುಕೊಂಡಿದ್ದ. ಬೋಲ್ಟ್ ಇನ್ನೊಂದು ಕೋವಿಯಿಂದ ಬಂದದ್ದು. ಅವನ ಒಂದು ಗೆರೆಯ ಅಸಡ್ಡೆಗೆ ನಮ್ಮಮ್ಮ ತಲೆ ತಗ್ಗಿಸಿದರು. ಪೊಲೀಸ್ ಆರ್ಮರರ್ ಪರೀಕ್ಷಿಸಿ ವರದಿ ಕೊಡಲಿ ಎಂದು ಲಿಖಿತವಾಗಿ ಪಟ್ಟು ಹಿಡಿದೆ. ವರದಿ .315 ಎಂದೇ ಬಂತು, ಸಂಖ್ಯೆ ತಿದ್ದುಪಡಿಯಾಯಿತು. ಕ್ಷಮೆ ಯಾರೂ ಕೇಳಲಿಲ್ಲ.

ಕೋವಿ ಇರುವವರು ಇಷ್ಟು ಮಾಡಿ. ಒಡಲು, ನಳಿಗೆ, ಬೋಲ್ಟ್ ಮೂರರ ಅಚ್ಚಿಗೂ ಫೋಟೊ ತೆಗೆದು ಪುಸ್ತಕದೊಂದಿಗೆ ತಾಳೆ ನೋಡಿ. ತುಕ್ಕು ತೆಗೆಯಲು ಹೋಗಿ ಅಚ್ಚು ಉಜ್ಜಬೇಡಿ, ಗುರುತು ಅಳಿಸುವುದೇ ಅಪರಾಧ. ಜಮಾ ರಸೀದಿಯಲ್ಲಿ ಬೋರು, ಸಂಖ್ಯೆ ಬರೆಸಿಕೊಳ್ಳಿ. ಲೈಸೆನ್ಸುದಾರರಿಗೆ 70 ವರ್ಷವಾಗಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, 2016ರ ಶಸ್ತ್ರಾಸ್ತ್ರ ನಿಯಮದಂತೆ ಅವರಿರುವಾಗಲೇ ವಾರಸುದಾರರು ಅರ್ಜಿ ಹಾಕಬಹುದು. ಅಪ್ಪ ಕಣ್ಣೆದುರಿಗೆ ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ, ಅವರ ಪರವಾಗಿ ಉತ್ತರ ಹೇಳಲು ಅವರೇ ಇರುತ್ತಾರೆ.