ನಿನ್ನ ಕೈಯಲ್ಲಿರುವುದು ಯಾರ ಪಾಲು?

ದೊಡ್ಡಬಳ್ಳಾಪುರ

ಪ್ರೀತಿಯ ಮಗಳೇ,



"ಹಾಡೋಕೆ ಬರಲ್ಲ, ನಾಲ್ಕು ಜನರ ಮುಂದೆ ಪ್ರಾರ್ಥನೆ ಮಾಡು ಅಂದ್ರೆ ಮಾತೇ ಹೊರಡಲ್ಲ. ದೇವರು ನನಗೆ ಏನೂ ಕೊಟ್ಟಿಲ್ಲ ಅನ್ಸುತ್ತೆ ಟೀಚರಮ್ಮ" ಎಂದು ಬರೆದಿದ್ದೀಯ. ಇದೇ ಮಾತನ್ನು ನಿನ್ನ ವಯಸ್ಸಿನ ಬೇರೆ ಮಕ್ಕಳಿಂದಲೂ ಕೇಳಿದ್ದೇನೆ. ದೇವನಹಳ್ಳಿಯವರೂ ಹೇಳಿದ್ದಾರೆ, ಹೊಸಕೋಟೆ, ನೆಲಮಂಗಲದ ಕಡೆಯವರೂ ಹೇಳಿದ್ದಾರೆ. ಅದಕ್ಕೇ ಈ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಿನಗೆ ಹಾಗೆ ಅನ್ನಿಸುವುದಕ್ಕೆ ಕಾರಣ ನಾವು ದೊಡ್ಡವರೇ. ಸಭೆಯಲ್ಲಿ ವರ ಎಂದ ಕೂಡಲೆ ನಮಗೆ ನೆನಪಾಗುವುದು ಕ್ವಾಯರಿನಲ್ಲಿ ಹಾಡುವವರು, ಕೀಬೋರ್ಡ್ ನುಡಿಸುವವರು, ಪ್ರಸಂಗ ಮಾಡುವವರು. ಭಾನುವಾರ ಕಣ್ಣಿಗೆ ಬೀಳುವುದನ್ನಷ್ಟೇ ಹೊಗಳುತ್ತೇವೆ. ಉಳಿದ ಆರು ದಿನ ನೀವು ಮಾಡುವ ಕೆಲಸದಲ್ಲಿ ದೇವರ ಕೊಡುಗೆ ಇದೆಯೆಂದು ಯಾರೂ ನಿಮಗೆ ಹೇಳುವುದಿಲ್ಲ.

ನಾನು ಬಲ್ಲದ್ದನ್ನು ಹೇಳುತ್ತೇನೆ, ಕೇಳು. ಮನೆಯ ಮಗ್ಗದ ಶೆಡ್ಡಿನಲ್ಲಿ ಯಾವ ಮಗ್ಗ ಹದ ತಪ್ಪಿದೆ ಎಂದು ಸದ್ದು ಕೇಳಿಯೇ ನೀನು ಹೇಳುತ್ತೀಯ. ನೂಲಿನ ಬಾಕಿ, ಕೂಲಿಯವರ ಬಟವಾಡೆಯ ಲೆಕ್ಕ ನಿನ್ನ ಪುಸ್ತಕದಲ್ಲಿ ಒಂದು ರೂಪಾಯಿಯೂ ಆಚೀಚೆ ಆಗುವುದಿಲ್ಲ. ಲೆಕ್ಕ ತಲೆಗೆ ಹತ್ತದ ಬೀದಿಯ ಮಕ್ಕಳು ಟ್ಯೂಷನ್‌ಗಿಂತ ಮೊದಲು ನಿನ್ನ ಬಾಗಿಲಿಗೆ ಬರುತ್ತಾರೆ. ಇಷ್ಟನ್ನೂ ಬದಿಗಿಟ್ಟು ದೇವರು ಏನೂ ಕೊಟ್ಟಿಲ್ಲ ಎನ್ನುತ್ತೀಯಲ್ಲ!

ವಿಮೋಚನಕಾಂಡದ 31ನೆಯ ಅಧ್ಯಾಯ ತೆಗೆದು ನೋಡು. ದೇವದರ್ಶನದ ಗುಡಾರ ಕಟ್ಟುವ ಕಾಲ ಬಂದಾಗ ದೇವರು ಹೆಸರು ಹಿಡಿದು ಕರೆದದ್ದು ಬೆಚಲೇಲನೆಂಬ ಕುಶಲಕರ್ಮಿಯನ್ನು. ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರದಲ್ಲಿ ಕೆಲಸ ಮಾಡುವ ಆ ಕೈಗಳಿಗಾಗಿ ಅವನನ್ನು ದೇವರ ಆತ್ಮದಿಂದ ತುಂಬಿಸಲಾಯಿತು ಎಂದು ಅಲ್ಲಿ ಬರೆದಿದೆ. ಅವನ ಜೊತೆಗಾರ ಒಹೊಲೀಯಾಬ. 35ನೆಯ ಅಧ್ಯಾಯಕ್ಕೆ ಬಂದರೆ ನೂಲುವ ಹೆಂಗಸರು, ಕಸೂತಿಯವರು, ನೇಯುವವರು ಸಿಗುತ್ತಾರೆ. ಅವರಾರೂ ಪ್ರಸಂಗ ಮಾಡಿದವರಲ್ಲ. ಆದರೂ ಅವರ ಜಾಣ್ಮೆ ದೇವರಿಂದ ಬಂದದ್ದೆಂದು ಸತ್ಯವೇದ ಎತ್ತಿ ಹೇಳುತ್ತದೆ. ನೇಯ್ಗೆಯ ಊರಿನಲ್ಲಿ ಹುಟ್ಟಿದ ನಾವು ಈ ಅಧ್ಯಾಯಗಳನ್ನು ಆತುರದಲ್ಲಿ ದಾಟಿಬಿಡಬಾರದು.

ತಲಾಂತುಗಳ ಸಾಮ್ಯ ನಿನಗೆ ಸಂಡೇ ಸ್ಕೂಲಿನಿಂದಲೇ ಗೊತ್ತು. ಧಣಿಯೊಬ್ಬ ತನ್ನ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಹಣ ಒಪ್ಪಿಸಿ ಹೋದ ಆ ಕಥೆಯನ್ನು ಈಗ ದೊಡ್ಡವಳಾಗಿ ಮತ್ತೆ ಓದು. ಆ ಕಾಲದ ಒಂದು ತಲಾಂತೆಂದರೆ ದಿನಗೂಲಿಯವನ ಸುಮಾರು ಇಪ್ಪತ್ತು ವರ್ಷದ ದುಡಿಮೆ. ಒಂದೇ ತಲಾಂತು ಪಡೆದವನ ಕೈಗೂ ಬಂದದ್ದು ಸಣ್ಣ ಮೊತ್ತವಲ್ಲ. ಐದು ದುಡಿಸಿದವನಿಗೂ ಎರಡು ದುಡಿಸಿದವನಿಗೂ ಧಣಿ ಹೇಳಿದ ಮೆಚ್ಚುಗೆಯ ಮಾತಿನಲ್ಲಿ ಒಂದಕ್ಷರದ ಭೇದವಿಲ್ಲ. ಮೂರನೆಯವನು ಕದಿಯಲಿಲ್ಲ, ಕುಡಿದು ಹಾಳುಮಾಡಲಿಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೇ ತಂದೊಪ್ಪಿಸಿದ. ಲೋಕದ ಕಣ್ಣಿಗೆ ಅವನು ಪ್ರಾಮಾಣಿಕ. ಆದರೆ ಭಯದಿಂದ ಹೂತಿಟ್ಟ. ಆ ಹಣ ಮಣ್ಣಿನಡಿ ಇದ್ದಷ್ಟು ದಿನ ಯಾರ ಉಪಯೋಗಕ್ಕೂ ಬರಲಿಲ್ಲ.

ನಿನಗೆ ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ನಿನ್ನಲ್ಲಿರುವ ಶಕ್ತಿ ನಿನ್ನ ಸ್ವತ್ತಲ್ಲ. ಯಾರಿಗೋ ಸೇರಬೇಕಾದ ಪಾಲು ನಿನ್ನ ವಶದಲ್ಲಿದೆ, ನೀನು ಅದರ ಮನೆವಾರ್ತೆಯವಳು. ಹಾಗೆ ತಿಳಿದರೆ ಗರ್ವಕ್ಕೆ ಎಡೆಯಿಲ್ಲ, ಏಕೆಂದರೆ ಅದು ನಿನ್ನದಲ್ಲ. ಸಂಕೋಚಕ್ಕೂ ಎಡೆಯಿಲ್ಲ, ಏಕೆಂದರೆ ಇನ್ನೊಬ್ಬರ ಪಾಲನ್ನು ಬಚ್ಚಿಡುವ ಹಕ್ಕು ನಿನಗಿಲ್ಲ. ಪೇತ್ರನು ತನ್ನ ಮೊದಲ ಪತ್ರದ 4ನೆಯ ಅಧ್ಯಾಯದಲ್ಲಿ ಕಲಿಸುವುದೂ ಇದನ್ನೇ: ಪಡೆದ ವರವನ್ನು ಒಬ್ಬರು ಮತ್ತೊಬ್ಬರ ಸೇವೆಗೆ ಬಳಸಬೇಕು.

ಹೀಗೆ ಬಾಳಿದವರು ನಮ್ಮ ಕನ್ನಡ ನಾಡಿನಲ್ಲೇ ಇದ್ದರು. ಉತ್ತಂಗಿ ಚನ್ನಪ್ಪನವರ ಹೆಸರು ಕೇಳಿದ್ದೀಯಾ? 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಪಾಲಕರಾಗಿ ದುಡಿದವರು. ಭಾಷೆಯ ಮೇಲಿನ ಪ್ರೀತಿ, ಹುಡುಕಿ ತೂಗಿ ನೋಡುವ ಬುದ್ಧಿ ದೇವರು ಅವರಿಗೆ ಕೊಟ್ಟದ್ದು. ಸರ್ವಜ್ಞನ ತ್ರಿಪದಿಗಳು ಆಗ ಜನರ ಬಾಯಲ್ಲೂ ಹಸ್ತಪ್ರತಿಗಳಲ್ಲೂ ಚದುರಿಹೋಗಿದ್ದವು. ಉತ್ತಂಗಿಯವರು ಊರೂರು ತಿರುಗಿ ಅವನ್ನು ಕೂಡಿಹಾಕಿದರು, ಒಂದಕ್ಕೊಂದು ಹೋಲಿಸಿ ತಿದ್ದಿ 1924ರಲ್ಲಿ ಪುಸ್ತಕವಾಗಿ ಹೊರತಂದರು. ಇಂದು ಸರ್ವಜ್ಞನ ಪದ್ಯ ಶಾಲೆಯ ಮಕ್ಕಳ ಬಾಯಲ್ಲಿದ್ದರೆ ಅದರ ಹಿಂದೆ ಆ ಪಾಲಕರ ಬೆವರಿದೆ. ಅವರು ತಮ್ಮನ್ನು ತಿರುಳ್ಗನ್ನಡದ ತಿರುಕ ಎಂದು ಕರೆದುಕೊಂಡರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಕರೆಯಿತು.

ಇದರಲ್ಲಿ ನಿನಗೆ ದೊಡ್ಡ ಪಾಠವಿದೆ ಮಗಳೇ. ಕ್ರೈಸ್ತ ಪಾಲಕರೊಬ್ಬರು ತಮ್ಮ ಶಕ್ತಿಯನ್ನು ಸರ್ವಜ್ಞನಿಗಾಗಿ, ಶಿವಶರಣರ ವಚನಗಳಿಗಾಗಿ ಸವೆಸಿದರು. ತಮ್ಮ ನಂಬಿಕೆಯನ್ನು ಬಿಡಲಿಲ್ಲ, ಅಡಗಿಸಲೂ ಇಲ್ಲ. ದೇವರು ಕೊಟ್ಟದ್ದು ಚರ್ಚಿನ ಕಾಂಪೌಂಡಿನೊಳಗೇ ಖರ್ಚಾಗಬೇಕೆಂದು ಅವರು ತಿಳಿಯಲಿಲ್ಲ. ಅವರಿಗೂ ಮೊದಲು ಅದೇ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಈ ನಾಡಿಗೆ ಬಂದರು. ಸುಮಾರು ಎಪ್ಪತ್ತು ಸಾವಿರ ಪದಗಳ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಬಂದ ವರ್ಷಕ್ಕೂ ಅಚ್ಚಾದ ವರ್ಷಕ್ಕೂ ನಡುವೆ ಎಷ್ಟು ಅಂತರ, ನೀನೇ ಲೆಕ್ಕ ಹಾಕು. ವರ ಹುಟ್ಟಿನೊಡನೆ ಬರಬಹುದು, ಹದ ಮಾತ್ರ ದುಡಿಮೆಯಿಂದಲೇ ಬರುತ್ತದೆ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯನ್ನೂ 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆಯನ್ನೂ ನಡೆಸಿದ್ದನ್ನು ನೆನಪಿಡು. ಹೊಸದಾಗಿ ಸಭೆ ಸೇರಿದವರು ಕುಲದಿಂದ ಹೊರಗಾಗಿ ಕಸುಬು ಕಳೆದುಕೊಂಡಿದ್ದರು, ಅವರಿಗೆ ಅನ್ನ ಬೇಕಿತ್ತು. ಯಂತ್ರ ಬಲ್ಲವರ, ಮಣ್ಣಿನ ಗುಣ ಬಲ್ಲವರ, ಲೆಕ್ಕ ಬಲ್ಲವರ ಕೈಗಳು ಆಗ ಅವರ ಮನೆಗಳಲ್ಲಿ ಒಲೆ ಉರಿಸಿದವು. ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು ಕಟ್ಟಿದ ಆಸ್ಪತ್ರೆ ಇದೆಯಲ್ಲ, ಅದು ನಡೆದದ್ದೂ ವೈದ್ಯರೊಬ್ಬರಿಂದಲೇ ಅಲ್ಲ. ನರ್ಸುಗಳು, ಔಷಧಿ ಕೊಡುವವರು, ಅಡುಗೆಯವರು, ನೆಲ ಒರೆಸುವವರು ಎಲ್ಲರೂ ಸೇರಿದಾಗಲೇ ಅದು ಆಸ್ಪತ್ರೆ.

ಈಗ ನಮ್ಮ ಜಿಲ್ಲೆಯನ್ನು ನೋಡು. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಹೊಲಗಳು ಸೈಟುಗಳಾದವು. ದ್ರಾಕ್ಷಿ ತೋಟ, ಚಕ್ಕೋತದ ಗಿಡ ಇದ್ದ ಕಡೆ ಲೇಔಟಿನ ಕಲ್ಲುಗಳಿವೆ. ಯಾರನ್ನು ಕಂಡರೂ ಅವನ ಬೆಲೆ ಎಷ್ಟು ಎಂದು ಎಣಿಸುವ ಗಾಳಿ ಬೀಸುತ್ತಿದೆ. ಎಷ್ಟು ಸಂಬಳ, ಎಷ್ಟು ಪ್ಯಾಕೇಜ್ ಎಂಬ ಪ್ರಶ್ನೆ ನಿನ್ನನ್ನೂ ಬಿಡುವುದಿಲ್ಲ. ಒಳ್ಳೆಯ ಕೆಲಸ ಹಿಡಿ, ನ್ಯಾಯವಾದ ಸಂಬಳ ಕೇಳಿ ತೆಗೆದುಕೋ, ಅದರಲ್ಲಿ ತಪ್ಪಿಲ್ಲ. ಪೌಲನೂ ಗುಡಾರ ಹೊಲಿದೇ ಹೊಟ್ಟೆ ಹೊರೆದ. ಆದರೆ ಸಂಬಳದ ಚೀಟಿಯಿಂದ ನಿನ್ನ ವರವನ್ನು ಅಳೆಯಬೇಡ. ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ತುಂಬಲು ಬಾರದೆ ನಿಂತಿರುವ ಅಜ್ಜಿಗೆ ನಿನ್ನ ಅಕ್ಷರ ಬೇಕು. ಸಂಘದ ಸಾಲಕ್ಕೆ ಬಡ್ಡಿ ಎಷ್ಟು ಹಿಡಿದರೆಂದು ತಿಳಿಯದ ಹೆಂಗಸರಿಗೆ ನಿನ್ನ ಲೆಕ್ಕ ಬೇಕು. ಯೊಪ್ಪದ ದೊರ್ಕಳು ತೀರಿಕೊಂಡಾಗ ವಿಧವೆಯರು ಅತ್ತು ತೋರಿಸಿದ್ದು ಆಕೆ ಹೊಲಿದುಕೊಟ್ಟ ಬಟ್ಟೆಗಳನ್ನು. ಅಪೊಸ್ತಲರ ಕೃತ್ಯಗಳ ಪುಸ್ತಕ ಸೂಜಿ ಹಿಡಿದ ಆ ಕೈಯನ್ನು ಮರೆಯಲಿಲ್ಲ.

ಇನ್ನು ಕೆಲವು ಬುದ್ಧಿಮಾತು.

ಬಲ್ಲದ್ದನ್ನು ಪೂರ್ತಿ ಕಲಿ. ಅರೆಬರೆ ಕಲಿತು ದೇವರ ಸೇವೆ ಎಂದು ಹೆಸರಿಡುವುದು ಸೇವೆಗೂ ಅವಮಾನ, ಕೊಟ್ಟವನಿಗೂ ಅವಮಾನ. ಬಿ.ಕಾಂ. ಸೇರಬೇಕೆಂದಿದ್ದೀಯ, ಸೇರು, ಮನಸ್ಸಿಟ್ಟು ಓದು. ನಿನ್ನ ಓದೂ ಆರಾಧನೆಯೇ.

ಪಕ್ಕದವಳ ವರವನ್ನು ನೋಡಿ ಕೊರಗಬೇಡ. ಸೀರೆಯ ಅಂಚಿಗೆ ಜರಿ ಬೇಕು, ಒಡಲಿಗೆ ಸಾದಾ ಎಳೆಯೇ ಬೇಕು. ಒಡಲಿನ ಎಳೆ ಕಡಿದರೆ ಜರಿ ಎಷ್ಟು ಹೊಳೆದರೂ ಸೀರೆ ಮಾರಾಟವಾಗುವುದಿಲ್ಲ.

ನಿನಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ದಾಟಿಸು. ನಿನ್ನ ಜೊತೆಗೇ ಮುಗಿದುಹೋಗುವ ಜಾಣ್ಮೆಯೂ ಹೂತಿಟ್ಟ ತಲಾಂತೇ. ಬೀದಿಯ ಮಕ್ಕಳಲ್ಲಿ ಒಬ್ಬಳಿಗಾದರೂ ಲೆಕ್ಕದ ಪುಸ್ತಕ ಬರೆಯುವುದನ್ನು ಕಲಿಸು.

ಬೇಡ ಎನ್ನುವುದನ್ನೂ ಕಲಿ. ಇದನ್ನು ಹೆಣ್ಣುಮಕ್ಕಳಿಗೆ ಒತ್ತಿ ಹೇಳುತ್ತೇನೆ. ಕೈಲಾಗುವವಳು ಎಂದು ಗೊತ್ತಾದರೆ ಮನೆಯವರು, ನೆಂಟರು, ಸಭೆಯವರು ಎಲ್ಲ ಹೊರೆಯನ್ನೂ ನಿನ್ನ ತಲೆಗೇ ಹೊರಿಸುತ್ತಾರೆ. ಜನ ಹುಡುಕಿಕೊಂಡು ಬಂದಾಗಲೂ ಯೇಸುಸ್ವಾಮಿ ಒಂಟಿಯಾಗಿ ಬೆಟ್ಟಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದ. ನಿನ್ನ ಆರೋಗ್ಯ, ನಿನ್ನ ಸಮಯ, ನಿನ್ನ ನಿದ್ದೆ ಸಹ ಅವನು ಕೊಟ್ಟವೇ. ಅವುಗಳಿಗೂ ನೀನೇ ಮನೆವಾರ್ತೆಯವಳು.

ಕೊನೆಗೆ, ಹೊಗಳಿಕೆ ಬಂದರೆ ದೇವರಿಗೆ ಒಪ್ಪಿಸು, ಬಾರದಿದ್ದರೆ ಕೆಲಸ ನಿಲ್ಲಿಸಬೇಡ. ನೀನು ಮಾಡಿದ್ದನ್ನು ಯಾರೂ ನೋಡದ ದಿನಗಳೇ ಹೆಚ್ಚು ಇರುತ್ತವೆ. ರಹಸ್ಯದಲ್ಲಿ ನೋಡುವ ತಂದೆ ನಮಗಿದ್ದಾನೆ.

ಈ ಶನಿವಾರವೇ ಶುರುಮಾಡು. ದೊಡ್ಡ ಯೋಜನೆ ಬೇಡ. ಯಾರಿಗೆ ಯಾವುದು ಬೇಕಾಗಿದೆ ಎಂದು ನಿನ್ನ ಬೀದಿಯನ್ನೊಮ್ಮೆ ನೋಡು, ಅದರಲ್ಲಿ ನಿನ್ನ ಕೈಲಾಗುವ ಒಂದನ್ನು ಹಿಡಿ, ಹಿಡಿದದ್ದನ್ನು ವರ್ಷವಿಡೀ ಬಿಡಬೇಡ. ಮುಂದಿನ ಸಲ ನನಗೆ ಬರೆಯುವಾಗ ದೇವರು ಏನು ಕೊಟ್ಟ, ಏನು ಕೊಡಲಿಲ್ಲ ಎಂದು ಬರೆಯುವುದು ಬೇಡ. ಕೊಟ್ಟದ್ದು ಯಾರಿಗೆ ಮುಟ್ಟಿತು ಎಂದು ಬರೆ. ಕರ್ತನು ನಿನ್ನ ಕೈಕೆಲಸವನ್ನು ಆಶೀರ್ವದಿಸಲಿ.

ನಿನ್ನ ಹಿತ ಬಯಸುವ,
ಸಂಡೇ ಸ್ಕೂಲಿನ ಟೀಚರಮ್ಮ