ಡಿಪಾಸಿಟ್‌ನಲ್ಲಿ ಎಷ್ಟು ಹಿಡಿಯಬೇಕು?

ವಡೋದರಾದ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟ್ ಖಾಲಿಯಾದಾಗ ಕಂಟ್ರಾಕ್ಟರ್ ಬರೆದುಕೊಟ್ಟ ರಿಪೇರಿ ಎಸ್ಟಿಮೇಟ್ 54,500 ರೂಪಾಯಿ. ಕೈಯಲ್ಲಿದ್ದ ಡಿಪಾಸಿಟ್ 36,000. ಅದರಲ್ಲಿ ನಾನು ಹಿಡಿದದ್ದು 22,500. ಉಳಿದ 13,500 ಬಾಡಿಗೆದಾರರ ಖಾತೆಗೆ ವಾಪಸ್ ಹಾಕಿದೆ. ಅಹಮದಾಬಾದಿನ ಮಣಿನಗರದಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟಿರುವ ನನ್ನ ಹೆಂಡತಿಯ ತಮ್ಮನಿಗೆ ಇದು ತಡೆಯಲಿಲ್ಲ. "ಭಾವ, ಅವರಿಂದ ಇನ್ನೂ 18,500 ವಸೂಲಿ ಮಾಡೋದು ಬಿಟ್ಟು ನೀವೇ ದುಡ್ಡು ಕೊಟ್ಟು ಕಳಿಸಿದ್ರಾ?" ಎಂದ. ನನ್ನ ಜೇಬಿನಿಂದ 32,000 ಹೋಗಿದ್ದು ನಿಜ. ನಾಳೆ ಇದೇ ಪ್ರಸಂಗ ಬಂದರೂ ಇಷ್ಟೇ ಹಿಡಿಯುತ್ತೇನೆ.

ಲೆಕ್ಕ ಹೀಗಿದೆ. ಆ ಸಂಸಾರ ಇದ್ದದ್ದು 11 ತಿಂಗಳ ಮೂರು ಕರಾರು, ಅಂದರೆ 33 ತಿಂಗಳು. ಹಾಲ್ ಮತ್ತು ಮಕ್ಕಳ ಕೋಣೆಯ ಬಣ್ಣಕ್ಕೆ 16,000 ಆಗುತ್ತದೆ ಎಂದ ಕಂಟ್ರಾಕ್ಟರ್. ಮಕ್ಕಳ ಕೋಣೆಯ ಸೀಲಿಂಗಿಗೆ ಅಂಟಿಸಿದ್ದ ರೇಡಿಯಂ ನಕ್ಷತ್ರಗಳನ್ನು ಹೋಗುವಾಗ ಕೀಳಿಸಿದ್ದರು. ನಕ್ಷತ್ರದ ಜೊತೆ ಪುಟ್ಟಿಯೂ ಬಂದಿತ್ತು. ಹಾನಿ ಅವರದೇ. ಆದರೆ ಬಣ್ಣದ ಆಯಸ್ಸು ಐದು ವರ್ಷ, 60 ತಿಂಗಳು. ಅವರು ಬರುವ ಮುಂಚೆ ಹೊಡೆಸಿದ್ದರಿಂದ 33 ತಿಂಗಳು ಅದಾಗಲೇ ಸವೆದಿತ್ತು, ಆ ಸವೆತಕ್ಕೆ ಅವರು ಬಾಡಿಗೆ ಕೊಟ್ಟಿದ್ದರು. ಉಳಿದದ್ದು 27 ತಿಂಗಳು. 16,000ದಲ್ಲಿ 60ಕ್ಕೆ 27ರ ಪಾಲು 7,200. ಅಷ್ಟೇ ಅವರ ಬಾಬ್ತು.

ಅಡುಗೆಮನೆಯ ಗ್ರಾನೈಟ್ ಕಟ್ಟೆ ಒಲೆಯ ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಬದಲಾಯಿಸಲು 9,000. ಇಪ್ಪತ್ತು ವರ್ಷ ಬಾಳುವ ಕಲ್ಲು, ಆರು ವರ್ಷ ಹಳೆಯದು, ಅವರ ಪಾಲು 6,300. ಸಿಂಕಿನ ಕೆಳಗಿನ ಟ್ರಾಲಿ ಎಳೆದರೆ ಬರಲಿಲ್ಲ. ಪ್ಲೈವುಡ್ ಉಬ್ಬಿ ಪದರ ಪದರವಾಗಿ ಬಿಚ್ಚಿಕೊಂಡು ಚಾನೆಲ್ ತುಕ್ಕು ಹಿಡಿದಿತ್ತು. ವೇಸ್ಟ್ ಪೈಪ್ ಸೋರುತ್ತಿದ್ದರೆ ಕೆಳಗೊಂದು ಡಬ್ಬ ಇಟ್ಟು ತಿಂಗಳುಗಟ್ಟಲೆ ನಡೆಸಿದ್ದಾರೆ. ಒಂದು ಫೋನ್ ಮಾಡಿದ್ದರೆ ಇನ್ನೂರು ರೂಪಾಯಿಯ ಪೈಪಿನಲ್ಲಿ ಮುಗಿಯುತ್ತಿತ್ತು. ಖರ್ಚು 15,000, ಹತ್ತು ವರ್ಷದ ಮಾಲಿನಲ್ಲಿ ಆರು ವರ್ಷ ಕಳೆದಿತ್ತು, ಅವರ ಪಾಲು 6,000. ಎಸಿಗೆಂದು ಕಂಡಲ್ಲೆಲ್ಲ ಕೊರೆದ ತೂತು ಮುಚ್ಚಲು 3,000. ಅದಕ್ಕೆ ಸವೆತದ ರಿಯಾಯಿತಿ ಇಲ್ಲ, ಪೂರ್ತಿ ಅವರದು.

ಗೀಸರ್ 7,000, ಬಾತ್‌ರೂಮಿನ ಬಾಗಿಲು 4,500. ಇವೆರಡೂ ನನ್ನವು. ಬೋರ್ ನೀರಿನ ಗಡಸಿಗೆ ಗೀಸರಿನ ಕಾಯಿಲ್ ಹೋಗುವುದು, ನೀರು ತಾಗುವ ಕಡೆ ಬಾಗಿಲ ಬುಡ ಕೊಳೆಯುವುದು ಯಾರು ಇದ್ದರೂ ಆಗುವಂಥದ್ದು. ಕೂಡಿಸಿ ನೋಡಿ: 22,500.

ಇದು ನನ್ನ ದಾನಶೂರತೆಯಲ್ಲ. 1882ರ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಕಾಯಿದೆಯ 108ನೇ ಸೆಕ್ಷನ್ ಹೇಳುವುದೂ ಇದನ್ನೇ. ಸಹಜ ಸವೆತ ಮತ್ತು ತಡೆಯಲಾಗದ ಶಕ್ತಿಯಿಂದ ಆದದ್ದನ್ನು ಬಿಟ್ಟು, ಮನೆ ಹೇಗೆ ಸಿಕ್ಕಿತ್ತೋ ಹಾಗೆ ಬಾಡಿಗೆದಾರ ಹಿಂತಿರುಗಿಸಬೇಕು. ಕರಾರಿನ ತಲೆಯ ಮೇಲೆ ಲೀವ್ ಅಂಡ್ ಲೈಸೆನ್ಸ್ ಎಂದು ಬರೆಸಿದರೂ ನ್ಯಾಯದ ಅಳತೆ ಬೇರೆಯಾಗುವುದಿಲ್ಲ. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ಉಕ್ಕಿ ವಡೋದರಾದ ಎಷ್ಟೋ ಮನೆಗಳ ನೆಲಮಹಡಿಗೆ ನೀರು ನುಗ್ಗಿತಲ್ಲ, ಆಗ ಹಾಳಾದ ವಾರ್ಡ್‌ರೋಬಿಗೆ ಡಿಪಾಸಿಟ್ ಮುರಿದುಕೊಂಡ ಮಾಲೀಕರ ಕಥೆ ಕೇಳಿದ್ದೇನೆ. ಮೊಸಳೆ ರಸ್ತೆಗೆ ಬಂದ ನೆರೆಗೆ ಬಾಡಿಗೆದಾರ ಏನು ಮಾಡಬೇಕಿತ್ತು?

ಜಗಳ ಆಡಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಲೆಕ್ಕ ಹಾಕೋಣ. ಬಾಡಿಗೆ ತಿಂಗಳಿಗೆ 18,000, ದಿನಕ್ಕೆ 600. ನಾನು ವಾಪಸ್ ಕೊಟ್ಟ 13,500 ಅಂದರೆ ಇಪ್ಪತ್ತೆರಡೂವರೆ ದಿನದ ಬಾಡಿಗೆ. ಬೀಗದ ಕೈ ಕೊಡದೆ, ಎರಡು ಡಬ್ಬ ಒಳಗೇ ಬಿಟ್ಟು "ಹಿಸಾಬ್ ಮುಗಿಯಲಿ, ಆಮೇಲೆ ತಗೊಂಡು ಹೋಗ್ತೀವಿ" ಅಂದುಬಿಟ್ಟರೆ ಮೂರು ವಾರ ಹೋದದ್ದೇ ತಿಳಿಯುವುದಿಲ್ಲ. ಖಾಲಿ ಮನೆಯಾದರೂ ಸೊಸೈಟಿಯ ಮೇಂಟೆನೆನ್ಸ್ ಕಟ್ಟಲೇಬೇಕು. 18,500ಕ್ಕಾಗಿ ಕೋರ್ಟಿನ ಮಾತು ಬಿಡಿ. ವಕೀಲರ ಫೀಸಿಗೇ ಅದು ಸಾಲದು.

ಇನ್ನು ತೆರಿಗೆ. ವರ್ಷದ ಬಾಡಿಗೆ 2,16,000. ಮುನ್ಸಿಪಲ್ ತೆರಿಗೆ ಕಳೆದು ಉಳಿದದ್ದರಲ್ಲಿ 30 ಪರ್ಸೆಂಟ್, ಹೆಚ್ಚುಕಡಿಮೆ 64,000 ರೂಪಾಯಿ, ರಿಪೇರಿಗೆ ಒಂದು ಪೈಸೆ ಖರ್ಚಾಗದಿದ್ದರೂ ಡಿಡಕ್ಷನ್ ಸಿಗುತ್ತದೆ. ಲಕ್ಷ ಖರ್ಚಾದರೂ ಅಷ್ಟೇ. ಕಂಟ್ರಾಕ್ಟರ್ ಬಿಲ್ ತೋರಿಸಿ ಇನ್ನಷ್ಟು ಕಳೆಯಲು ದಾರಿಯಿಲ್ಲ. ಪ್ರತಿ ವರ್ಷ ಈ ರಿಯಾಯಿತಿ ಸುಮ್ಮನೆ ಪಡೆದು, ಮನೆಗೆ ಒಂದು ಕೋಟ್ ಬಣ್ಣ ಹೊಡೆಸುವ ದಿನ ಬಂದಾಗ ಬಾಡಿಗೆದಾರನ ಡಿಪಾಸಿಟ್ ಕಡೆ ನೋಡುವುದು ಯಾವ ನ್ಯಾಯ? ಬೆಂಗಳೂರಿನಲ್ಲಂತೂ ಗೋಡೆ ಹೇಗೇ ಇರಲಿ, ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಅಂತ ಮುರಿಯುವುದೇ ಪದ್ಧತಿಯಾಗಿದೆ. ಅಲ್ಲಿ ಅಡ್ವಾನ್ಸ್ ದೊಡ್ಡದು, ಮಾಲೀಕ ಆಡಿದ್ದೇ ಆಟ. 2021ರ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಮಿತಿ ಇದೆ. ಆದರೆ ಅದು ಮಾದರಿ, ರಾಜ್ಯಗಳು ತಾವು ಕಾಯಿದೆ ಮಾಡಿಕೊಂಡರೆ ಮಾತ್ರ ಜಾರಿ.

ಈ ನಡುವೆ ಏಜೆಂಟರೊಬ್ಬರು ಬಾಡಿಗೆ ಮನೆಗೆಂದೇ ವಿಮೆ ಮಾಡಿಸಿ ಎಂದು ಬೆನ್ನು ಬಿದ್ದಿದ್ದರು. ಮನೆಗೆ ವಿಮೆ ಬೇಕು, ಬೇಡ ಎನ್ನುತ್ತಿಲ್ಲ. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ಭೂಕಂಪ, ನೆರೆಗೆ ಒಳ್ಳೆಯದು. ತಾಪಿ, ವಿಶ್ವಾಮಿತ್ರಿ ದಂಡೆಯವರು ಮಾಡಿಸಲೇಬೇಕು. ಆದರೆ ಸವೆತ, ನಿರ್ಲಕ್ಷ್ಯದಿಂದ ಮೆಲ್ಲಗೆ ಆಗುವ ಹಾನಿ ಸಾಮಾನ್ಯವಾಗಿ ಇಂಥ ಪಾಲಿಸಿಗೆ ಬರುವುದಿಲ್ಲ, ಬಾಡಿಗೆ ಮನೆಯಲ್ಲಿ ಆಗುವುದು ಅವೆರಡೇ. ಇನ್ನು 'ಝೀರೋ ಡಿಪಾಸಿಟ್' ಎಂಬ ಹೊಸ ಮಾಯೆ. ಬಾಡಿಗೆದಾರ ವಾಪಸ್ ಬರದ ಫೀಸು ಕಟ್ಟುತ್ತಾನೆ, ಮಾಲೀಕನ ಕೈಯಲ್ಲಿ ದುಡ್ಡಿಲ್ಲ, ನಡುವೆ ಕೂತ ಕಂಪನಿ ಫೋಟೊ ಕಳಿಸಿ, ಬಿಲ್ ಕಳಿಸಿ ಎನ್ನುತ್ತದೆ. ನನ್ನ 36,000 ನನ್ನ ಖಾತೆಯಲ್ಲಿದ್ದರೆ ಮಾತುಕತೆ ಎರಡು ಸಂಸಾರಗಳ ನಡುವೆ ಮುಗಿಯುತ್ತದೆ. ಮೂರನೆಯವರಿಗೆ ಏನು ಕೆಲಸ?

ಹಣ ಉಳಿಯುವುದು ಇಂಥವುಗಳಲ್ಲಲ್ಲ. ಬೀಗದ ಕೈ ಕೊಡುವ ದಿನ ಇಬ್ಬರೂ ಸೇರಿ, ಸಿಂಕಿನ ಕೆಳಗೂ ಬಗ್ಗಿ, ಒಂದು ವಿಡಿಯೊ ಮಾಡಿ ಇಬ್ಬರ ಫೋನಲ್ಲೂ ಇಟ್ಟುಕೊಳ್ಳಿ. ಕರಾರಿನ ಹಿಂದೆ ಗೀಸರ್, ಟ್ರಾಲಿ, ಬಣ್ಣ ಯಾವ ವರ್ಷದ್ದು ಎಂದು ಬರೆಯಿರಿ. ಹನ್ನೊಂದು ತಿಂಗಳಿಗೊಮ್ಮೆ ಕರಾರು ಬದಲಾಗುವಾಗ ಹೋಗಿ ಮನೆ ನೋಡಿ ಬನ್ನಿ, ಚಹಾ ಕುಡಿದು ಬನ್ನಿ. ನಲ್ಲಿ ಸೋರುತ್ತಿದೆ ಎಂದು ಫೋನ್ ಬಂದರೆ "ನೀವೇ ಮಾಡಿಸ್ಕೊಳ್ಳಿ" ಎನ್ನಬೇಡಿ. ಹಾಗಂದ ಮೇಲೆ ಅವರು ಮತ್ತೆ ಫೋನ್ ಮಾಡುವುದಿಲ್ಲ, ಡಬ್ಬ ಇಡುತ್ತಾರೆ.

ನನ್ನ ಭಾವಮೈದುನನ ಮಾತಿಗೆ ಬರುತ್ತೇನೆ. ಡಿಪಾಸಿಟ್ ಪೂರ್ತಿ ನುಂಗುವವನು ಎಂದು ಅವನ ಹೆಸರು ದಲಾಲರ ಬಾಯಲ್ಲಿದೆ. ಹಾಗಾಗಿ ಅವನ ಬಾಡಿಗೆದಾರರು ಖಾಲಿ ಮಾಡುವ ಎರಡು ತಿಂಗಳ ಮುಂಚೆಯೇ ಬಾಡಿಗೆ ನಿಲ್ಲಿಸಿ "ಡಿಪಾಸಿಟ್‌ನಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುತ್ತಾರೆ. ಗೋಡೆ ನೋಡುವ ಹೊತ್ತಿಗೆ ಹಿಡಿಯಲು ಒಂದು ರೂಪಾಯಿಯೂ ಉಳಿದಿರುವುದಿಲ್ಲ. ಕಳೆದ ಸಲ ಕೊನೆಯ ಕರೆಂಟ್ ಬಿಲ್ಲನ್ನೂ ಬಿಟ್ಟು ಹೋದರು. ಮೀಟರ್ ಇರುವುದು ಅವನ ಹೆಸರಲ್ಲಿ, ಅವನೇ ಕಟ್ಟಿದ.