ಮನೆಯಂಗಳದಲ್ಲಿ ಸಂಪಿಗೆ

ಸಂಪಿಗೆಯ ಹೂವನ್ನು ಮುಡಿಯುವವರು ಬಹಳ ಮಂದಿ ಉಂಟು. ಗಿಡವನ್ನು ನೆಟ್ಟು ಸಾಕುವವರು ಕಡಿಮೆ. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಹೆತ್ತವರಿಗೂ ಉಪಯೋಗವಾಗುವಂತೆ ಅದರ ಕ್ರಮವನ್ನು ಇಲ್ಲಿ ಬರೆಯುತ್ತೇನೆ.

ಸಸ್ಯಶಾಸ್ತ್ರಜ್ಞರು ಈಗ ಸಂಪಿಗೆಯನ್ನು ಮ್ಯಾಗ್ನೋಲಿಯ ಎಂಬ ಕುಲದಲ್ಲಿ ಎಣಿಸುತ್ತಾರೆ. ಫ್ರಾನ್ಸ್ ದೇಶದ ಪಿಯೇರ್ ಮಾಞೋಲ್ (1638–1715) ಎಂಬ ಪಂಡಿತನ ಗೌರವಾರ್ಥವಾಗಿ ಆ ಹೆಸರು ಇಡಲ್ಪಟ್ಟಿತು.

ಬೀಜವನ್ನು ಒಣಗಿಸಿ ಕಾದಿರಿಸಬಾರದು. ಒಣಗಿದರೆ ಮೊಳೆಯುವ ಶಕ್ತಿಯು ಬೇಗನೆ ನಷ್ಟವಾಗುವುದು. ಕಾಯಿ ಬಿರಿದ ಕೂಡಲೆ ಬೀಜಗಳನ್ನು ತೆಗೆದು, ಮೇಲಿನ ಕೆಂಪು ತಿರುಳನ್ನು ಉಜ್ಜಿ ತೊಳೆದು, ನೆರಳಿನ ಮಡಿಯಲ್ಲಿ ಬಿತ್ತತಕ್ಕದ್ದು. ಸಸಿಯನ್ನು ಮಳೆಗಾಲದ ಆರಂಭದಲ್ಲಿ, 2 ಅಡಿ ಆಳದ ಕುಣಿಯಲ್ಲಿ, ಹಳೆಯ ಗೊಬ್ಬರವನ್ನು ಮಣ್ಣಿಗೆ ಬೆರಸಿ ನೆಡಬೇಕು. ಬೇರಿಗೆ ಹತ್ತಿದ ಮಣ್ಣು ಉದುರಬಾರದು. ಯಾಕಂದರೆ ಆ ಬೇರುಗಳು ಮೃದುವಾದವುಗಳು, ಮುರಿದರೆ ಗಿಡವು ಸೊರಗುವುದು. ನೀರು ನಿಲ್ಲುವ ಸ್ಥಳವು ಆಗದು. ಬೇಸಿಗೆಯಲ್ಲಿ ಬುಡಕ್ಕೆ ತರಗೆಲೆಗಳ ಹೊದಿಕೆ ಹಾಕಿ ನೀರೆರೆಯಬೇಕು.

ಕಸಿಯ ಗಿಡವು 2–3 ವರ್ಷಗಳಲ್ಲಿ ಹೂಬಿಡುವುದುಂಟು. ಬೀಜದ ಗಿಡಕ್ಕೆ ಸಾಧಾರಣವಾಗಿ 8–10 ವರ್ಷಗಳು ಬೇಕು. ಕಾಡಿನಲ್ಲಿ ಈ ಮರವು 100 ಅಡಿ ಬೆಳೆಯಬಲ್ಲದು. ಇದನ್ನು ಯೋಚಿಸದೆ ಗೋಡೆಯ ಪಕ್ಕದಲ್ಲಿ ನೆಟ್ಟವರು, ಹೂಬಿಡುವ ಪ್ರಾಯಕ್ಕೆ ಬಂದ ಮರವನ್ನು ತಾವೇ ಕಡಿಸಬೇಕಾಗುವುದು. ಚಿಕ್ಕ ಅಂಗಳವುಳ್ಳವರು ಕಸಿಯ ಗಿಡವನ್ನು ನೆಟ್ಟು, ಕೊಂಬೆಗಳನ್ನು ಸವರಿ ತಗ್ಗಾಗಿ ಇಟ್ಟುಕೊಳ್ಳಲಿ.

ಸ್ಥಳವಿದ್ದವರು ಬೀಜದಿಂದ ಒಂದನ್ನಾದರೂ ಬೆಳೆಸಲಿ. ಒಂದನೆಯ ತರಗತಿಗೆ ಸೇರಿದ ವರ್ಷ ಹುಡುಗಿಯ ಕೈಯಿಂದಲೇ ಸಸಿಯನ್ನು ನೆಡಿಸಿರಿ. ನೀರೆರೆಯುವ ಕೆಲಸವನ್ನೂ ಅವಳಿಗೇ ಒಪ್ಪಿಸಿರಿ. ಹೈಸ್ಕೂಲು ಮುಗಿಸುವ ಹೊತ್ತಿಗೆ ಅವಳು ತಾನೇ ಸಾಕಿದ ಮರದ ಹೂವನ್ನು ಮುಡಿದಾಳು.